ಹತ್ತು ವರ್ಷ ಆದರೂ ಸಿರಿಯಾದವರು ಜರ್ಮನಿಯಲ್ಲಿ ಯಾಕೆ ನೆಲೆ ನಿಂತಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ದಾವಣಗೆರೆಯವನು. ಆರು ವರ್ಷದಿಂದ ಸ್ಟುಟ್‌ಗಾರ್ಟ್ ಹತ್ತಿರ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ಮೇಲಿನ ಮನೆಯಲ್ಲಿ ಸಿರಿಯಾದ ಅಲೆಪ್ಪೊದಿಂದ ಬಂದ ಕುಟುಂಬ ಇದೆ. ಗಂಡ 2015ರಲ್ಲಿ ಬಂದರು, ಹೆಂಡತಿ ಮತ್ತು ಮಗಳು 2019ರಲ್ಲಿ. ಅವರ ಮಗಳೂ ನಮ್ಮ ಮಗನೂ ನಾಲ್ಕನೇ ಕ್ಲಾಸಿನಲ್ಲಿ ಒಟ್ಟಿಗೆ ಓದುತ್ತಾರೆ. ಊರಲ್ಲಿ ಫಾರ್ಮಸಿಸ್ಟ್ ಆಗಿದ್ದವರು ಇಲ್ಲಿ ಪಾರ್ಸೆಲ್ ವ್ಯಾನ್ ಓಡಿಸುತ್ತಾರೆ. ಹೆಂಡತಿಗೆ ಇನ್ನೂ ಜರ್ಮನ್ ಸರಿಯಾಗಿ ಬರಲ್ಲ. ಸರಕಾರ ಮನೆ, ದುಡ್ಡು, ಭಾಷೆ ಕ್ಲಾಸು ಎಲ್ಲಾ ಪುಕ್ಕಟೆ ಕೊಟ್ಟರೂ ಹತ್ತು ವರ್ಷದಲ್ಲಿ ಯಾಕೆ ನೆಲೆ ನಿಂತಿಲ್ಲ? ನಾವೂ ಹೊರಗಿನವರೇ, ಎರಡು ವರ್ಷದಲ್ಲಿ ಸೆಟಲ್ ಆದೆವು. ಈಗ ಅಲ್ಲಿಯ ಅಧ್ಯಕ್ಷ ಅಸ್ಸಾದ್ ಓಡಿಹೋಗಿದ್ದಾನಲ್ಲ, ಇವರು ವಾಪಸ್ ಯಾಕೆ ಹೋಗಲ್ಲ? ನನ್ನ ಹೆಂಡತಿ ಅವರ ಜೊತೆ ಚೆನ್ನಾಗಿದ್ದಾಳೆ. ನಮ್ಮಿಂದ ಏನಾದರೂ ಸಹಾಯ ಆಗುತ್ತಾ ಅನ್ನೋದೂ ತಿಳಿಸಿ.

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮುಚ್ಚುಮರೆ ಇಲ್ಲ, ಅದು ಒಳ್ಳೆಯದೇ ಆಯಿತು. ಇಲ್ಲಿರುವ ನಮ್ಮವರಲ್ಲಿ ತುಂಬಾ ಜನ ಇದನ್ನೇ ಮನಸ್ಸಲ್ಲಿಟ್ಟುಕೊಂಡಿರುತ್ತಾರೆ, ಕೇಳಲ್ಲ ಅಷ್ಟೇ. ನಾನು ಇಲ್ಲೇ ಒಂದು ಸಲಹಾ ಕೇಂದ್ರದಲ್ಲಿ ನಿರಾಶ್ರಿತರ ಕಾಗದಪತ್ರ ನೋಡುವ ಕೆಲಸ ಮಾಡುವವಳು. ಹಾಗಾಗಿ ನನ್ನ ಉತ್ತರವೂ ಕಾಗದದಿಂದಲೇ ಶುರುವಾಗುತ್ತೆ.

ನೀವು ಕೊಟ್ಟ ಎರಡು ಇಸವಿ ನೋಡಿದಾಗಲೇ ನನಗೆ ಅರ್ಧ ಕಥೆ ಗೊತ್ತಾಯಿತು. ಗಂಡ 2015, ಹೆಂಡತಿ 2019. ಮಧ್ಯದ ಆ ನಾಲ್ಕು ವರ್ಷ ಅವರಾಗಿ ಆರಿಸಿಕೊಂಡದ್ದಲ್ಲ. 2016ರ ವಸಂತದಿಂದ ಜರ್ಮನಿ ತುಂಬಾ ಸಿರಿಯನ್ನರಿಗೆ ಪೂರ್ತಿ ನಿರಾಶ್ರಿತರ ಸ್ಥಾನ ಕೊಡುವ ಬದಲು ಒಂದು ಮೆಟ್ಟಿಲು ಕೆಳಗಿನ ರಕ್ಷಣೆ ಕೊಡೋಕೆ ಶುರು ಮಾಡಿತು. ಆಗ ಅದು ಮೊದಲಿಗೆ ಒಂದೇ ವರ್ಷದ ಪರವಾನಗಿ, ನವೀಕರಿಸಿದರೆ ಎರಡು ವರ್ಷ. ಅದೇ ಮಾರ್ಚ್‌ನಲ್ಲಿ, ಆ ಗುಂಪಿನವರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕನ್ನೂ ನಿಲ್ಲಿಸಿದರು. ಎರಡು ವರ್ಷಕ್ಕೆ ಅಂತ ಹೇಳಿದ್ದು 2018ರ ಜುಲೈವರೆಗೂ ಹೋಯಿತು. ಆಮೇಲೆ ಶುರುವಾದಾಗಲೂ ಇಡೀ ದೇಶಕ್ಕೆ ತಿಂಗಳಿಗೆ ಒಂದು ಸಾವಿರ ವೀಸಾ ಮಾತ್ರ. ಅರ್ಜಿ ಕೊಡೋಕೆ ಡಮಾಸ್ಕಸ್‌ನಲ್ಲಿ ಜರ್ಮನ್ ರಾಯಭಾರ ಕಚೇರಿಯೇ ಇರಲಿಲ್ಲ, 2012ರಲ್ಲೇ ಮುಚ್ಚಿತ್ತು. ಗಡಿ ದಾಟಿ ಬೈರೂತಿಗೋ ಟರ್ಕಿಗೋ ಹೋಗಿ ಕೊಡಬೇಕಿತ್ತು. ನಿಮ್ಮ ಮೇಲಿನ ಮನೆಯವರ ಕಡತ ನಾನು ನೋಡಿಲ್ಲ, ಆದರೆ ಈ ಇಸವಿಗಳು ಇಷ್ಟು ಸರಿಯಾಗಿ ಕೂರುತ್ತವೆ ಅಂದರೆ ಇದೇ ಆಗಿರುವ ಸಾಧ್ಯತೆ ಜಾಸ್ತಿ. ಮಗಳು ಈಗ ನಾಲ್ಕನೇ ಕ್ಲಾಸ್ ಅಂದಿರಿ. ಅವಳು ಹುಟ್ಟುವ ಹೊತ್ತಿಗೆ ಅಪ್ಪ ಊರು ಬಿಟ್ಟಾಗಿತ್ತು, ಅಥವಾ ಬಿಡುವುದರಲ್ಲಿದ್ದರು. ಅಪ್ಪ ಅಂದರೆ ಮೊಬೈಲಿನಲ್ಲಿ ಕಾಣುವ ಒಂದು ಮುಖ ಅಂತಲೇ ಬೆಳೆದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ನಿಮ್ಮದನ್ನು ಪಕ್ಕದಲ್ಲಿಡಿ. ಬ್ಲೂ ಕಾರ್ಡ್, ಅಂದರೆ ಓದಿದ ಕೆಲಸಗಾರರಿಗೆ ಕೊಡುವ ಪರವಾನಗಿ, ಇರುವವರ ಹೆಂಡತಿಗೆ ಬರುವ ಮುಂಚೆ ಜರ್ಮನ್ ಪರೀಕ್ಷೆ ಕೂಡ ಬೇಕಿಲ್ಲ. ಬೆಂಗಳೂರಲ್ಲಿ ವೀಸಾ ಕೊಟ್ಟರು, ವಿಮಾನ ಹತ್ತಿದಿರಿ, ಬಹುಶಃ ಕಂಪನಿಯೇ ಮನೆ ಹುಡುಕಿಕೊಡೋಕೆ ಒಬ್ಬ ಏಜೆಂಟನ್ನೂ ಹಚ್ಚಿತ್ತು. ಕೆಲಸದ ಭಾಷೆ ಇಂಗ್ಲಿಷ್. ನೀವು ಬೇಗ ಸೆಟಲ್ ಆದಿರಿ ಅನ್ನೋದು ನಿಜ. ಅದರಲ್ಲಿ ನಿಮ್ಮ ಶ್ರಮವೂ ಇದೆ. ಆದರೆ ನಿಮಗೆ ಮೊದಲ ದಿನವೇ ಸಿಕ್ಕ ಮೂರು ವಸ್ತು, ಅಂದರೆ ಕೆಲಸ, ಪರವಾನಗಿ, ಪಕ್ಕದಲ್ಲಿ ಸಂಸಾರ, ಇವರಿಗೆ ಒಂದೊಂದಾಗಿ ವರ್ಷಗಳ ಅಂತರದಲ್ಲಿ ಸಿಕ್ಕವು.

ಅವರು ಬಂದ ದಾರಿಯ ಬಗ್ಗೆ ಒಂದು ಮಾತು, ಯಾಕಂದರೆ “ಅಷ್ಟು ದುಡ್ಡು ದಲ್ಲಾಳಿಗೆ ಕೊಟ್ಟು ದೋಣಿಯಲ್ಲಿ ಯಾಕೆ ಬಂದರು, ಟಿಕೆಟ್ ತಗೊಂಡು ಬರಬಹುದಿತ್ತಲ್ಲ” ಅಂತ ಎಷ್ಟೋ ಜನ ಕೇಳುತ್ತಾರೆ. ಟರ್ಕಿಯ ಅಯ್ವಾಲಿಕ್‌ನಿಂದ ಗ್ರೀಸಿನ ಲೆಸ್ಬೊಸ್ ದ್ವೀಪಕ್ಕೆ ದಿನಾ ಫೆರಿ ಹೋಗುತ್ತೆ. ಪ್ರವಾಸಿಗರು ಕೆಲವು ಹತ್ತು ಯೂರೋ ಕೊಟ್ಟು ಒಂದೂವರೆ ಗಂಟೆಯಲ್ಲಿ ದಾಟುತ್ತಾರೆ. ಅದೇ ನೀರನ್ನು 2015ರ ಬೇಸಿಗೆಯಲ್ಲಿ ಸಿರಿಯನ್ನರು ತಲೆಗೆ ಸಾವಿರ ಡಾಲರ್ ಆಸುಪಾಸು ಕೊಟ್ಟು ರಬ್ಬರ್ ದೋಣಿಯಲ್ಲಿ ದಾಟಿದರು. ಕಾರಣ ಇಷ್ಟೇ: ವೀಸಾ ಇಲ್ಲದವರನ್ನು ಹತ್ತಿಸಿಕೊಂಡು ಬಂದರೆ ವಾಪಸ್ ಕಳಿಸುವ ಖರ್ಚು, ದಂಡ ಎರಡೂ ವಿಮಾನ ಕಂಪನಿ, ಹಡಗು ಕಂಪನಿಗಳ ತಲೆಗೇ ಬರುವ ಹಾಗೆ ಯುರೋಪಿನ ಕಾನೂನಿದೆ. ಕೌಂಟರಿನಲ್ಲೇ ತಡೆಯುತ್ತಾರೆ. ಇನ್ನು ಆಶ್ರಯ ಕೇಳೋಕೆ ಅಂತ ಒಂದು ವೀಸಾ ಇಲ್ಲವೇ ಇಲ್ಲ. ಆಶ್ರಯ ಕೇಳಬೇಕಾದರೆ ಮೊದಲು ನೆಲ ಮುಟ್ಟಬೇಕು, ನೆಲ ಮುಟ್ಟೋಕೆ ಕಾನೂನಿನ ದಾರಿ ಇಲ್ಲ. 2015 ಒಂದೇ ವರ್ಷ ಮೆಡಿಟರೇನಿಯನ್ ದಾಟುವಾಗ 3,700ಕ್ಕೂ ಜಾಸ್ತಿ ಜನ ಸತ್ತರು. ಗಂಡಸರೇ ಜಾಸ್ತಿ ಬಂದರು ಅನ್ನುವ ಆಕ್ಷೇಪಕ್ಕೂ ಅರ್ಧ ಉತ್ತರ ಇಲ್ಲೇ ಇದೆ. ಇದ್ದ ದುಡ್ಡು ಒಬ್ಬರಿಗೆ ಸಾಕಾಗುತ್ತಿತ್ತು, ಒಬ್ಬರು ದಾಟಿ ಉಳಿದವರನ್ನು ಕಾನೂನಿನ ದಾರಿಯಲ್ಲಿ ಕರೆಸಿಕೊಳ್ಳೋಣ ಅಂತ ಲೆಕ್ಕ. ಇನ್ನರ್ಧ ಸೈನ್ಯ. 18ರಿಂದ 42ರವರೆಗಿನ ಗಂಡಸರನ್ನು ಅಸ್ಸಾದ್ ಸರಕಾರ ಚೆಕ್‌ಪೋಸ್ಟಿನಲ್ಲೇ ಹಿಡಿದು ಸೈನ್ಯಕ್ಕೆ ಹಾಕುತ್ತಿತ್ತು.

ಇನ್ನೊಂದು ವಿಷಯ ಇಲ್ಲಿಯ ಪತ್ರಿಕೆಗಳಲ್ಲೂ ಜಾಸ್ತಿ ಬರಲ್ಲ. ಯುದ್ಧ ಶುರುವಾದದ್ದು 2011ರಲ್ಲಿ. ಹಾಗಿದ್ದರೆ ಎಲ್ಲರೂ 2015ರಲ್ಲೇ ಯಾಕೆ ಹೊರಟರು? ಅಲ್ಲಿವರೆಗೆ ಅವರು ಲೆಬನಾನ್, ಜೋರ್ಡನ್, ಟರ್ಕಿಯಲ್ಲಿ ಇದ್ದರು. ಇವತ್ತು ನಾಳೆ ವಾಪಸ್ ಹೋಗೋಣ ಅಂತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾ ಇದ್ದರು. ಲೆಬನಾನ್‌ನಲ್ಲಿ ಅವರಿಗೆ ಹೊಲ, ಕಟ್ಟಡ, ಕಸ ಗುಡಿಸುವುದು ಬಿಟ್ಟರೆ ಬೇರೆ ಕೆಲಸಕ್ಕೆ ಅವಕಾಶ ಇರಲಿಲ್ಲ. ಟರ್ಕಿ ಕೆಲಸದ ಪರವಾನಗಿ ಅಂತ ಒಂದು ವ್ಯವಸ್ಥೆ ಮಾಡಿದ್ದೇ 2016ರ ಜನವರಿಯಲ್ಲಿ. ಉಳಿಸಿದ್ದ ದುಡ್ಡು ಕರಗಿತು, ಮಕ್ಕಳ ಶಾಲೆ ತಪ್ಪಿತು. 2015ರ ಬೇಸಿಗೆಯಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಬಳಿ ಹಣ ಇಲ್ಲದೆ ಲೆಬನಾನ್‌ನಲ್ಲಿ ತಿಂಗಳಿಗೆ ತಲೆಗೆ 13.50 ಡಾಲರ್‌ಗೆ ಇಳಿಸಿದರು. ಆ ದುಡ್ಡಲ್ಲಿ ತಿಂಗಳು ಪೂರ್ತಿ ಊಟ! ಅದಾದ ಮೇಲೆ ಜನ ಹೊರಟರು. ಯುರೋಪ್ ಆ ವರ್ಷ ಆ ಹಣ ಕೊಟ್ಟಿದ್ದರೆ ಆಮೇಲೆ ಖರ್ಚು ಮಾಡಿದ್ದರ ಎಷ್ಟೋ ಪಾಲು ಉಳಿಯುತ್ತಿತ್ತು ಅನ್ನೋದು ನನ್ನ ಅಭಿಪ್ರಾಯ.

ಈಗ “ಎಲ್ಲಾ ಪುಕ್ಕಟೆ” ವಿಷಯ.

ಬಂದವರಿಗೆ ಊರು ಆರಿಸುವ ಹಕ್ಕಿಲ್ಲ. ಯಾವ ರಾಜ್ಯಕ್ಕೆ ಎಷ್ಟು ಜನ ಅಂತ ಜರ್ಮನಿ ಒಂದು ಸೂತ್ರ ಇಟ್ಟುಕೊಂಡಿದೆ. ಮೂರರಲ್ಲಿ ಎರಡು ಪಾಲು ಆ ರಾಜ್ಯದ ತೆರಿಗೆ ಆದಾಯ ನೋಡಿ, ಒಂದು ಪಾಲು ಜನಸಂಖ್ಯೆ ನೋಡಿ ಹಂಚುತ್ತಾರೆ. ನಮ್ಮ ಬೈಲಕುಪ್ಪೆಯಲ್ಲಿ ಟಿಬೆಟಿನವರಿಗೆ ಒಂದೇ ಕಡೆ ಜಮೀನು ಕೊಟ್ಟು, ಅವರದೇ ಶಾಲೆ, ಅವರದೇ ಮಠ ಕಟ್ಟಿಕೊಳ್ಳೋಕೆ ಬಿಟ್ಟರಲ್ಲ, ಇಲ್ಲಿ ಅದಕ್ಕೆ ಪೂರ್ತಿ ಉಲ್ಟಾ. ಅಣ್ಣ ಹಾಂಬುರ್ಗ್‌ನಲ್ಲಿದ್ದರೂ ತಮ್ಮನಿಗೆ ಬವೇರಿಯಾದ ಬಸ್ಸಿಲ್ಲದ ಹಳ್ಳಿ ಬರಬಹುದು. ಬೈಲಕುಪ್ಪೆ ಮಾದರಿಯಲ್ಲಿ ಸಂಸ್ಕೃತಿ ಉಳಿಯುತ್ತೆ, ಈ ಮಾದರಿಯಲ್ಲಿ ಭಾಷೆ ಬೇಗ ಬರಬೇಕು ಅನ್ನೋದು ಆಸೆ. ಆದರೆ ಹಳ್ಳಿಯಲ್ಲಿ ಭಾಷೆ ಕಲಿಸೋರು ಯಾರು, ಕೆಲಸ ಕೊಡೋರು ಯಾರು ಅಂತ ಯೋಚನೆ ಮಾಡಿದ್ದು ಆಮೇಲೆ.

ಮೊದಲ ಮೂರು ತಿಂಗಳಾದರೂ ಕೆಲಸ ಮಾಡುವ ಹಾಗಿಲ್ಲ. 2015ರಲ್ಲಿ ಎಂಟೂ ಮುಕ್ಕಾಲು ಲಕ್ಷಕ್ಕೂ ಜಾಸ್ತಿ ಜನ ಆಶ್ರಯ ಕೇಳಿಕೊಂಡು ಬಂದರು. ಕಚೇರಿಗಳು ಕೈಚೆಲ್ಲಿ ಕೂತವು. ಬರ್ಲಿನ್‌ನಲ್ಲಿ ನೋಂದಣಿ ಕಚೇರಿ ಮುಂದೆ ಜನ ರಾತ್ರಿಯೆಲ್ಲ ಬೀದಿಯಲ್ಲೇ ಮಲಗಿ ಟೋಕನ್‌ಗೆ ಕಾದರು. ಮುಚ್ಚಿದ್ದ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ಹ್ಯಾಂಗರುಗಳಲ್ಲಿ ತಡಿಕೆ ಕಟ್ಟಿ ಸಂಸಾರಗಳನ್ನು ಇಟ್ಟರು. ಬಂದೆ ಅಂತ ಹೆಸರು ಬರೆಸುವುದು ಒಂದು, ಆಶ್ರಯದ ಅರ್ಜಿ ಕೊಡುವುದು ಇನ್ನೊಂದು. ಎರಡರ ನಡುವೆಯೇ ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಹೋಯಿತು. ತೀರ್ಪಿಗೆ ಮತ್ತೆ ತಿಂಗಳುಗಟ್ಟಲೆ. ಆ ಅವಧಿಯಲ್ಲಿ ಸಿಗುವ ಹಣ ಇಲ್ಲಿಯ ನಿರುದ್ಯೋಗಿಗೆ ಸಿಗುವುದಕ್ಕಿಂತ ಕಮ್ಮಿ, ಆಸ್ಪತ್ರೆಯೂ ನೋವು, ತುರ್ತು ಅಂತ ಇದ್ದರೆ ಮಾತ್ರ. ಆಶ್ರಯ ಸಿಕ್ಕ ಮೇಲೆ ಜಾಬ್‌ಸೆಂಟರ್‌ಗೆ, ಅಂದರೆ ನಿರುದ್ಯೋಗಿಗಳನ್ನು ನೋಡಿಕೊಳ್ಳುವ ಸರಕಾರಿ ಕಚೇರಿಗೆ, ಸೇರುತ್ತಾರೆ. ಆಗ ಜರ್ಮನ್ ನಿರುದ್ಯೋಗಿಗೆ ಎಷ್ಟೋ ಅಷ್ಟೇ. 2024ರಿಂದ ಒಂಟಿ ವ್ಯಕ್ತಿಗೆ ತಿಂಗಳಿಗೆ 563 ಯೂರೋ, ಜೊತೆಗೆ ಒಂದು ಮಿತಿಯೊಳಗಿನ ಬಾಡಿಗೆ. ಸ್ಟುಟ್‌ಗಾರ್ಟ್ ಸುತ್ತಮುತ್ತ ಮನೆ ಹುಡುಕಿದ ಅನುಭವ ನಿಮಗಿದೆ, ಆ ಮಿತಿಯಲ್ಲಿ ಮನೆ ಸಿಗೋದು ಎಷ್ಟು ಕಷ್ಟ ಅಂತ ನಾನು ಹೇಳಬೇಕಾಗಿಲ್ಲ. ಅಂದಹಾಗೆ ನಿಮ್ಮ ಮೇಲಿನ ಮನೆಯವರು ವ್ಯಾನ್ ಓಡಿಸುತ್ತಾರೆ ಅಂದರೆ ಅವರೂ ನಿಮ್ಮ ಹಾಗೆ ತೆರಿಗೆ, ಪಿಂಚಣಿ, ವಿಮೆ ಎಲ್ಲಾ ಕಟ್ಟುತ್ತಿದ್ದಾರೆ.

ಮತ್ತೆ ನಿಮ್ಮ ಪ್ರಶ್ನೆಯ ಬುಡಕ್ಕೇ ಬರೋಣ. ಅವರು ನೆಲೆ ನಿಂತಿಲ್ಲ ಅನ್ನೋದೇ ಪೂರ್ತಿ ನಿಜ ಅಲ್ಲ. 2015ರಲ್ಲಿ ಬಂದ ನಿರಾಶ್ರಿತರಲ್ಲಿ ಕೆಲಸದ ವಯಸ್ಸಿನವರನ್ನು ತಗೊಂಡರೆ, ಜರ್ಮನಿಯ ಉದ್ಯೋಗ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2024ಕ್ಕೆ ಶೇ. 64 ಜನ ಕೆಲಸದಲ್ಲಿದ್ದರು. ಇಡೀ ದೇಶದ ಸರಾಸರಿ ಶೇ. 70. ಉಟ್ಟ ಬಟ್ಟೆಯಲ್ಲಿ ಬಂದವರು ಒಂಬತ್ತು ವರ್ಷದಲ್ಲಿ ಇಷ್ಟು ಹತ್ತಿರ ಬಂದಿದ್ದಾರೆ. ಇಲ್ಲಿಯ ಆಸ್ಪತ್ರೆಗಳಲ್ಲಿ ವಿದೇಶಿ ವೈದ್ಯರ ಪೈಕಿ ಅತಿ ದೊಡ್ಡ ಗುಂಪು ಸಿರಿಯಾದವರೇ, ಸುಮಾರು ಆರು ಸಾವಿರ ಜನ. 2023ರಲ್ಲಿ ನಿಮ್ಮ ರಾಜ್ಯದ್ದೇ ಓಸ್ಟೆಲ್ಸ್‌ಹೈಮ್ ಅನ್ನೋ ಸಣ್ಣ ಊರು, ನಿಮಗೆ ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆ, ರಯ್ಯಾನ್ ಅಲ್‌ಶೆಬ್ಲ್ ಅವರನ್ನು ಮೇಯರ್ ಆಗಿ ಆರಿಸಿತು. 2015ರಲ್ಲಿ ಇಪ್ಪತ್ತೊಂದರ ಹುಡುಗ, ಅದೇ ಲೆಸ್ಬೊಸ್ ದೋಣಿಯಲ್ಲಿ ಬಂದವರು. 2024 ಒಂದೇ ವರ್ಷ 83 ಸಾವಿರ ಸಿರಿಯನ್ನರು ಜರ್ಮನ್ ಪೌರರಾದರು, ಬೇರೆ ಯಾವ ದೇಶದವರೂ ಅಷ್ಟು ಜನ ಆಗಿಲ್ಲ.

ಆದರೆ ಆ 64ರ ಒಳಗೆ ಇಣುಕಿ ನೋಡಿದರೆ ಬೇರೆ ಕಥೆ. ಗಂಡಸರು ಶೇ. 76, ಹೆಂಗಸರು ಶೇ. 35. ನಿಮ್ಮ ಮೇಲಿನ ಮನೆಯಾಕೆ ಬಹುಶಃ ಆ ಉಳಿದ 65ರ ಕಡೆ ಇದ್ದಾರೆ. ಇದನ್ನು “ಅವರ ಸಂಸ್ಕೃತಿ ಹಾಗೆ” ಅಂತ ಒಂದೇ ಮಾತಲ್ಲಿ ಮುಗಿಸೋದು ಸುಲಭ. ಸಿರಿಯಾದಲ್ಲಿ ಯುದ್ಧಕ್ಕೆ ಮುಂಚೆಯೂ ಹೊರಗೆ ದುಡಿಯುವ ಹೆಂಗಸರು ಕಮ್ಮಿ ಇದ್ದರು, ಅದು ಒಂದು ಕಾರಣ ಹೌದು. ಆದರೆ ನನ್ನ ಮೇಜಿನ ಎದುರು ಕೂರುವವರ ಕಷ್ಟ ಹೀಗಿರುತ್ತೆ. ಅವರಿಗೆ ಭಾಷೆ ಕೋರ್ಸ್ ಬೇಕು, 600 ತರಗತಿ, ಜೊತೆಗೆ ದೇಶದ ಕಾನೂನು ಇತಿಹಾಸದ್ದು 100. ಕೋರ್ಸ್ ಬೆಳಿಗ್ಗೆ. ಮಗುವನ್ನು ಬಿಡೋಕೆ ಕಿಟಾದಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಜಾಗ ಬೇಕು. ಕಿಟಾ ಜಾಗಕ್ಕೆ ಕೆಲಸದಲ್ಲಿರುವ ತಾಯಂದಿರು ಸಾಲಿನಲ್ಲಿ ಮುಂದೆ. ಕೆಲಸ ಸಿಗಬೇಕಾದರೆ ಭಾಷೆ ಬೇಕು. ಈ ಸುತ್ತಿನಲ್ಲೇ ಎರಡು ಮೂರು ವರ್ಷ ಕಳೆದುಹೋಗುತ್ತೆ. ಅಷ್ಟರಲ್ಲಿ ಇನ್ನೊಂದು ಮಗು ಹುಟ್ಟಿದರೆ ಮತ್ತೆ ಮೊದಲಿಂದ. ಇವರು ಬಂದದ್ದು 2019ರಲ್ಲಿ ಅಂದಿರಿ, ಅದರ ಮರುವರ್ಷವೇ ಕೊರೊನಾ ಬಂದು ಕ್ಲಾಸುಗಳೇ ನಿಂತವು. ಸಿರಿಯಾದಲ್ಲಿ ಟೀಚರ್ ಆಗಿದ್ದ ಹೆಂಗಸರದು ಇನ್ನೂ ವಿಚಿತ್ರ ಪಾಡು. ಜರ್ಮನಿಯಲ್ಲಿ ಶಿಕ್ಷಕರು ಸಾಮಾನ್ಯವಾಗಿ ಎರಡು ವಿಷಯ ಓದಿರಬೇಕು, ಅಲ್ಲಿ ಒಂದೇ ವಿಷಯ ಓದುತ್ತಾರೆ. ಹದಿನೈದು ವರ್ಷ ಗಣಿತ ಪಾಠ ಮಾಡಿದವರೂ ಇಲ್ಲಿ ಅರ್ಧ ಟೀಚರ್!

ಕಾಗದದ ಕೆಲಸ ದಿನದಿನಕ್ಕೆ ಹೇಗಿರುತ್ತೆ ಅಂತ ಒಂದು ಹತ್ತಿರದ ಉದಾಹರಣೆ ಕೊಡುತ್ತೇನೆ. ಇಲ್ಲಿ ಕೋರ್ಟು, ಕಚೇರಿಗಳಿಂದ ಮುಖ್ಯವಾದ ತೀರ್ಮಾನ ಹಳದಿ ಲಕೋಟೆಯಲ್ಲಿ ಬರುತ್ತೆ. ಪೋಸ್ಟ್‌ಮನ್ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದು ಡಬ್ಬಿಗೆ ಹಾಕಿ ಹೋಗುತ್ತಾರೆ. ಮೇಲ್ಮನವಿಯ ಗಡುವು ಆ ತಾರೀಖಿನಿಂದ ಶುರು. ಆಶ್ರಯದ ಅರ್ಜಿ ತಿರಸ್ಕಾರ ಆದರೆ ಎರಡು ವಾರ, ಕೆಲವು ಕೇಸಿನಲ್ಲಿ ಒಂದೇ ವಾರ. ಜನ ಏನು ಮಾಡುತ್ತಾರೆ? ಒಳಗಿನ ಕಾಗದ ಜೋಪಾನವಾಗಿ ಇಟ್ಟುಕೊಂಡು ಲಕೋಟೆ ಎಸೆದುಬಿಡುತ್ತಾರೆ. ಆಮೇಲೆ ಗಡುವು ಯಾವತ್ತು ಅಂತ ಸಾಬೀತು ಮಾಡೋಕೆ ಆಗಲ್ಲ. ನಾನು ಹೊಸಬರಿಗೆ ಹೇಳುವ ಮೊದಲ ಮಾತು ಅದೇ, ಲಕೋಟೆ ಎಸೆಯಬೇಡಿ. ಪರವಾನಗಿ ನವೀಕರಣವೂ ಹಾಗೇ. ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗೋ ಅಷ್ಟರಲ್ಲಿ ಹಳೆಯ ಕಾರ್ಡ್ ಮುಗಿದಿರುತ್ತೆ, ಮಧ್ಯೆ ಒಂದು ತಾತ್ಕಾಲಿಕ ಕಾಗದ ಕೊಡುತ್ತಾರೆ. ಅದನ್ನು ನೋಡಿ ಮನೆ ಮಾಲೀಕ ಮೂಗು ಮುರಿಯುತ್ತಾನೆ, ಕೆಲಸ ಕೊಡೋರು “ಕಾರ್ಡ್ ಬರಲಿ, ನೋಡೋಣ” ಅನ್ನುತ್ತಾರೆ. ಈ ತಾತ್ಕಾಲಿಕ ಕಾಗದದ ರುಚಿ ನಿಮಗೂ ಗೊತ್ತಿರಬಹುದು. ನಿಮಗೆ ಅದು ಒಂದು ಕಿರಿಕಿರಿ. ವರ್ಷ ಎರಡು ವರ್ಷದ ಪರವಾನಗಿಯಲ್ಲಿ ಬದುಕಿದವರಿಗೆ ಅದೇ ಕ್ಯಾಲೆಂಡರ್ ಆಗಿತ್ತು.

ಇದರಲ್ಲಿ ನನಗೆ ಸಿಟ್ಟು ಬರುವ ಒಂದು ವಿಷಯ ಇದೆ, ಹೇಳಿಬಿಡುತ್ತೇನೆ. ಆ ಕೆಳಗಿನ ಮೆಟ್ಟಿಲಿನ ರಕ್ಷಣೆ ಇದ್ದವರಿಗೆ ಇಲ್ಲಿಯ ಕಚೇರಿಗಳು ಸಿರಿಯಾದ ಪಾಸ್‌ಪೋರ್ಟ್ ಮಾಡಿಸಿಕೊಂಡು ಬನ್ನಿ ಅನ್ನುತ್ತಿದ್ದವು. ಎಲ್ಲಿಂದ? ಬರ್ಲಿನ್‌ನಲ್ಲಿದ್ದ ಅಸ್ಸಾದ್ ಸರಕಾರದ ರಾಯಭಾರ ಕಚೇರಿಯಿಂದ. ಸಾಮಾನ್ಯಕ್ಕೆ 300 ಡಾಲರ್, ಬೇಗ ಬೇಕು ಅಂದರೆ 800. ಯಾರ ಬಾಂಬಿಗೆ ಹೆದರಿ ಓಡಿಬಂದರೋ ಅವನ ಖಜಾನೆಗೇ ದುಡ್ಡು ಕಟ್ಟಿ ರಸೀದಿ ತರಬೇಕಿತ್ತು.

ಹೆದರಿಕೆ ಅಂದಾಗ ನೆನಪಾಯಿತು. ನಿಮ್ಮ ನೆರೆಯವರು ಬೇರೆ ಸಿರಿಯನ್ನರ ಜೊತೆ ಅಷ್ಟಾಗಿ ಬೆರೆಯಲ್ಲ ಅಂತ ನಿಮಗೆ ಅನಿಸಿರಬಹುದು. ಹೊಸ ಸಿರಿಯನ್ ಒಬ್ಬ ಸಿಕ್ಕರೆ ಮೊದಲು ಊರು, ಮಾತಿನ ಧಾಟಿ ಎಲ್ಲಾ ತೂಗಿ ನೋಡಿಯೇ ಬಾಯಿ ಬಿಡುವವರು ಎಷ್ಟೋ ಜನ. ಅನ್ವರ್ ರಸ್ಲಾನ್ ಅನ್ನುವವನು ಡಮಾಸ್ಕಸ್‌ನ ಗುಪ್ತಚರ ಜೈಲೊಂದರಲ್ಲಿ ವಿಚಾರಣೆ ವಿಭಾಗದ ಮುಖ್ಯಸ್ಥನಾಗಿದ್ದ. 2014ರಲ್ಲಿ ಅವನೂ ಆಶ್ರಯ ಪಡೆದು ಬರ್ಲಿನ್‌ಗೆ ಬಂದ. ಮಾನವ ಹಕ್ಕುಗಳ ವಕೀಲ ಅನ್ವರ್ ಅಲ್ ಬುನ್ನಿ, ಒಂದು ಕಾಲಕ್ಕೆ ತನ್ನನ್ನು ಬಂಧಿಸಿದವನನ್ನೇ, ಬರ್ಲಿನ್‌ನ ಮಾರಿಯೆನ್‌ಫೆಲ್ಡೆಯ ನಿರಾಶ್ರಿತರ ವಸತಿಯ ಹತ್ತಿರ ನೋಡಿದರು. ಕೊನೆಗೆ 2022ರ ಜನವರಿಯಲ್ಲಿ ಕೊಬ್ಲೆಂಜ್ ನಗರದ ಕೋರ್ಟು, ಮಾನವೀಯತೆಯ ವಿರುದ್ಧದ ಅಪರಾಧಕ್ಕೆ ರಸ್ಲಾನ್‌ಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಸಾಕ್ಷಿ ಹೇಳಿದವರಲ್ಲಿ ಹಲವರು ಇಲ್ಲಿಯೇ ನೆಲೆಸಿದ ನಿರಾಶ್ರಿತರು. ಹಾಗಾಗಿ “ನೀವು ಸುನ್ನಿಯಾ, ಅಲವಿಯಾ, ಯಾವ ಕಡೆಯವರು” ಅಂತ ಪಂಗಡದ ಪ್ರಶ್ನೆ ಲಿಫ್ಟಿನಲ್ಲಿ ಕೇಳಬೇಡಿ. ಊಟದ ಬಗ್ಗೆ ಕೇಳಿ, ಅಲೆಪ್ಪೊದವರು ಊಟದ ವಿಷಯ ಶುರು ಮಾಡಿದರೆ ನಿಲ್ಲಿಸಲ್ಲ. ನೀವು ಸಸ್ಯಾಹಾರಿ ಆಗಿದ್ದರೂ ಸಂಕೋಚ ಬೇಡ. ಬೇಳೆ, ಅಕ್ಕಿ ಹಾಕಿ ಮೇಲೆ ಹುರಿದ ಈರುಳ್ಳಿ ಉದುರಿಸುವ ಮುಜದ್ದರ ನಮ್ಮ ಕಿಚಡಿಯ ಅಣ್ಣನ ಹಾಗಿದೆ. ಆಕ್ರೋಟು ತುಂಬಿ ಎಣ್ಣೆಯಲ್ಲಿ ನೆನೆಸಿದ ಸಣ್ಣ ಬದನೆಕಾಯಿ, ಮಕ್ದೂಸ್ ಅನ್ನುತ್ತಾರೆ, ಕೊಟ್ಟರೆ ಬಿಡಬೇಡಿ.

ಊರಿಂದ ನಿಮಗೆ ಬರುವ ವಾಟ್ಸ್ಆ್ಯಪ್ ಫಾರ್ವರ್ಡ್‌ಗಳನ್ನೂ ನಾನು ಊಹಿಸಬಲ್ಲೆ. 2024ರ ಆಗಸ್ಟ್‌ನಲ್ಲಿ ಜೋಲಿಂಗೆನ್ ಪಟ್ಟಣದ ಹಬ್ಬದಲ್ಲಿ ಒಬ್ಬ ಸಿರಿಯನ್ ಚಾಕುವಿನಿಂದ ಮೂವರನ್ನು ಕೊಂದ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೆ ಆ ವಾರ ನನ್ನ ಹತ್ತಿರ ಬಂದ ಸಿರಿಯನ್ನರು ಅವನನ್ನು ಬೈದಷ್ಟು ಬೇರೆ ಯಾರೂ ಬೈದಿರಲಿಕ್ಕಿಲ್ಲ, ಯಾಕಂದರೆ ಬಿಲ್ಲು ತಮ್ಮ ಮಕ್ಕಳಿಗೆ ಬರುತ್ತೆ ಅಂತ ಅವರಿಗೆ ಗೊತ್ತು. ಟ್ರಾಮಿನಲ್ಲಿ ದುರುಗುಟ್ಟಿ ನೋಡುವವನು ಅಲೆಪ್ಪೊ ಯಾವುದು, ದಾವಣಗೆರೆ ಯಾವುದು ಅಂತ ಕೇಳಿಕೊಂಡು ನೋಡಲ್ಲ. ಆ ವಿಷಯದಲ್ಲಿ ನೀವೂ ಅವರೂ ಒಂದೇ ಸೀಟಿನಲ್ಲಿದ್ದೀರಿ.

ವಾಪಸ್ ಹೋಗುವ ಪ್ರಶ್ನೆ. ಅಸ್ಸಾದ್ ಮಾಸ್ಕೋಗೆ ಓಡಿದ್ದು 2024ರ ಡಿಸೆಂಬರ್ 8ರಂದು. ಮರುದಿನವೇ ಜರ್ಮನಿ ಸಿರಿಯನ್ನರ ಆಶ್ರಯ ಅರ್ಜಿಗಳ ತೀರ್ಮಾನ ನಿಲ್ಲಿಸಿತು, ಬೀದಿಯ ಸಂಭ್ರಮ ಇನ್ನೂ ಮುಗಿದಿರಲಿಲ್ಲ. ಅಲ್ಲಿಂದ ಈಚೆಗೆ 10 ಲಕ್ಷಕ್ಕೂ ಜಾಸ್ತಿ ಜನ ಸಿರಿಯಾಕ್ಕೆ ವಾಪಸ್ ಹೋಗಿದ್ದಾರೆ. ಆದರೆ ಬಹುಪಾಲು ಟರ್ಕಿ, ಲೆಬನಾನ್, ಜೋರ್ಡನ್‌ನಿಂದ. ಜರ್ಮನಿಯಿಂದ ಹೋದವರು ಕೆಲವು ಸಾವಿರ ಅಷ್ಟೇ. ಯಾಕೆ ಅಂತ ನೋಡಿ. ಮೊದಲನೆಯದು, ಹೋಗೋಕೆ ಮನೆ ಇರಬೇಕು. ಅಲೆಪ್ಪೊ 2012ರಿಂದ 2016ರ ಕೊನೆವರೆಗೆ ಎರಡು ಹೋಳಾಗಿತ್ತು. ಪೂರ್ವದ ಕಡೆ ಇದ್ದವರಿಗೆ ಓಣಿಗೆ ಓಣಿಯೇ ಉಳಿದಿಲ್ಲ. ಉಳಿದ ಕಡೆಯೂ 2018ರ ಒಂದು ಕಾನೂನಿನಲ್ಲಿ, ಸರಕಾರ ಹೊಸ ಬಡಾವಣೆ ಅಂತ ಗುರುತು ಮಾಡಿದ ಜಾಗದಲ್ಲಿ ಮಾಲೀಕರು ಗಡುವಿನೊಳಗೆ ಹಕ್ಕು ತೋರಿಸದಿದ್ದರೆ ಆಸ್ತಿ ಕೈತಪ್ಪುವ ಹಾಗೆ ಮಾಡಿದ್ದರು. ಪತ್ರ ಹಿಡಿದು ಓಡಿಬಂದವರು ಎಷ್ಟು ಜನ? ಎರಡನೆಯದು, 2025ರ ಮಾರ್ಚ್‌ನಲ್ಲಿ ಕರಾವಳಿಯಲ್ಲಿ ಅಲವಿಗಳ, ಅಂದರೆ ಅಸ್ಸಾದ್‌ನದೇ ಪಂಗಡದವರ, ಹತ್ಯೆ ಆಯಿತು, ಜುಲೈನಲ್ಲಿ ದಕ್ಷಿಣದ ಸುವೈದಾದಲ್ಲಿ ದ್ರೂಜರು ಅನ್ನೋ ಇನ್ನೊಂದು ಅಲ್ಪಸಂಖ್ಯಾತ ಪಂಗಡದವರದು. ಅಸ್ಸಾದ್ ಹೋದ ಅಂದ ಮಾತ್ರಕ್ಕೆ ಎಲ್ಲರಿಗೂ ಭಯ ಹೋಯಿತು ಅಂತಲ್ಲ.

ಮೂರನೆಯದು ನಿಮಗೆ ಚೆನ್ನಾಗಿ ಅರ್ಥ ಆಗುತ್ತೆ. ಮಕ್ಕಳು. ನಿಮ್ಮ ಮಗನನ್ನು ನಾಳೆ ದಾವಣಗೆರೆಯ ಕನ್ನಡ ಮಾಧ್ಯಮ ಶಾಲೆಯ ನಾಲ್ಕನೇ ಕ್ಲಾಸಿಗೆ ಸೇರಿಸಿ ಅಂದರೆ ನೀವು ಏನನ್ನುತ್ತೀರಿ? ಆ ಹುಡುಗಿ ಅರಬ್ಬಿ ಮಾತಾಡುತ್ತಾಳೆ, ಓದೋಕೆ ಬರೆಯೋಕೆ ಬರುತ್ತಾ ಅನ್ನೋದು ಅನುಮಾನ.

“ಒಂದ್ಸಲ ಹೋಗಿ ನೋಡಿಕೊಂಡು ಬರಬಹುದಲ್ಲ” ಅಂತಲೂ ಅನಿಸುತ್ತೆ. ಅವರಿಗೂ ಅನಿಸುತ್ತೆ, ಅಲ್ಲಿ ವಯಸ್ಸಾದ ತಂದೆ ತಾಯಿ ಇದ್ದರಂತೂ ಹೇಳೋದೇ ಬೇಡ. ಟರ್ಕಿ 2025ರಲ್ಲಿ ಕೆಲವು ತಿಂಗಳು ಹೀಗೆ ಹೋಗಿ ನೋಡಿ ಬರೋಕೆ ಬಿಟ್ಟಿತ್ತು. ಜರ್ಮನಿ ಬಿಟ್ಟಿಲ್ಲ. ಆಶ್ರಯ ಪಡೆದವರು ತಾಯ್ನಾಡಿಗೆ ಹೋಗಿ ಬಂದರೆ, ನಿಮಗೆ ಅಪಾಯ ಇಲ್ಲ ಅಂತ ಆಯಿತಲ್ಲ ಅಂತ ರಕ್ಷಣೆಯನ್ನೇ ವಾಪಸ್ ಪಡೆಯಬಹುದು. ಹಾಗಾಗಿ ಜರ್ಮನ್ ಪಾಸ್‌ಪೋರ್ಟ್ ಸಿಗುವವರೆಗೆ ಕಾಯುತ್ತಾರೆ. ವಿಚಿತ್ರ ಅಂದರೆ, ಊರಿಗೆ ಹೋಗೋಕೆ ಧೈರ್ಯ ಬರುವುದು ಇಲ್ಲಿಯ ಪೌರತ್ವ ಸಿಕ್ಕ ಮೇಲೆ. 2024ರ ಜೂನ್‌ನಿಂದ ಎಂಟು ವರ್ಷದ ಬದಲು ಐದು ವರ್ಷಕ್ಕೇ ಅರ್ಜಿ ಹಾಕಬಹುದು, ಹಳೆಯ ಪೌರತ್ವ ಬಿಡಬೇಕಾಗಿಯೂ ಇಲ್ಲ. (ನಮ್ಮ ಕಥೆ ಬೇರೆ, ಇಬ್ಬಗೆಯ ಪೌರತ್ವ ಭಾರತದ ಕಾನೂನಿನಲ್ಲೇ ಇಲ್ಲ.) ಪರೀಕ್ಷೆ ದೊಡ್ಡದೇನಲ್ಲ, 33 ಪ್ರಶ್ನೆ, 17 ಸರಿ ಇದ್ದರೆ ಪಾಸು. ಭಾಷೆಯ ಪ್ರಮಾಣಪತ್ರ, ಸಂಸಾರಕ್ಕೆ ಸಾಕಾಗುವ ಸಂಪಾದನೆ, ಇವೆರಡೇ ತೊಡಕು. ವ್ಯಾನ್ ಡ್ರೈವರ್ ಸಂಬಳ ಅಲ್ಲಿಗೆ ಮುಟ್ಟುತ್ತಾ ಅನ್ನೋದು ಮನೆಯಲ್ಲಿ ಎಷ್ಟು ಜನ ಅನ್ನೋದರ ಮೇಲೆ ನಿಂತಿದೆ.

ಈಗ ನಿಮ್ಮಿಂದ ಆಗುವ ಸಹಾಯ. ಮೊದಲು ಗಂಡನದು. ಯುದ್ಧಕ್ಕೆ ಮುಂಚೆ ಸಿರಿಯಾ ತನಗೆ ಬೇಕಾದ ಔಷಧಿಯ ಬಹುಪಾಲನ್ನು ತಾನೇ ತಯಾರಿಸುತ್ತಿತ್ತು, ಕಾರ್ಖಾನೆಗಳಲ್ಲಿ ಎಷ್ಟೋ ಅಲೆಪ್ಪೊ ಸುತ್ತಮುತ್ತಲೇ ಇದ್ದವು. ಹಾಗಾಗಿ ಅವರ ಓದು ಕಮ್ಮಿಯದಲ್ಲ. ಇಲ್ಲಿ ಫಾರ್ಮಸಿಸ್ಟ್‌ಗಳ ಕೊರತೆ ಇದೆ. ದಾರಿ ಹೀಗಿದೆ: ಬಿ2 ಮಟ್ಟದ, ಅಂದರೆ ಸರಾಗವಾಗಿ ಮಾತಾಡುವಷ್ಟು, ಜರ್ಮನ್, ಆಮೇಲೆ ಫಾರ್ಮಸಿ ಭಾಷೆಯದೇ ಒಂದು ಪರೀಕ್ಷೆ, ಆಮೇಲೆ ಪದವಿಯ ತಾಳೆ, ಅದರಲ್ಲಿ ಕೊರತೆ ಕಂಡರೆ ಜ್ಞಾನ ಪರೀಕ್ಷೆ. ನಿಮ್ಮ ರಾಜ್ಯದಲ್ಲಿ ಅರ್ಜಿ ಸ್ಟುಟ್‌ಗಾರ್ಟ್‌ನ ರೆಗೀರುಂಗ್ಸ್‌ಪ್ರೆಸಿಡಿಯಂ ಅನ್ನೋ ಪ್ರಾದೇಶಿಕ ಸರಕಾರಿ ಕಚೇರಿಗೆ ಹೋಗಬೇಕು. ಮಧ್ಯೆ ತಾತ್ಕಾಲಿಕ ಅನುಮತಿ ಪಡೆದು, ಫಾರ್ಮಸಿಯಲ್ಲಿ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಬಹುದು. ಅವರು ಇದನ್ನು ಯಾಕೆ ಮಾಡಿಲ್ಲ? ಅಲ್ಲಿನ ಮೂಲ ಪ್ರಮಾಣಪತ್ರ ತರಿಸುವುದು, ಅನುವಾದ, ಶುಲ್ಕ, ಓದೋಕೆ ತಿಂಗಳುಗಟ್ಟಲೆ ಬಿಡುವು, ಇಷ್ಟೂ ಬೇಕು. ಮೊದಲ ನಾಲ್ಕು ವರ್ಷ ಅವರು ಊರಿಗೆ ದುಡ್ಡು ಕಳಿಸಬೇಕಿತ್ತು. ಪಾರ್ಸೆಲ್ ಕಂಪನಿ ನಾಳೆಯಿಂದಲೇ ಬಾ ಅಂದಿತು. ಹೊಟ್ಟೆಪಾಡು. ಡಮಾಸ್ಕಸ್‌ನ ಜರ್ಮನ್ ರಾಯಭಾರ ಕಚೇರಿ 2025ರ ಮಾರ್ಚ್‌ನಲ್ಲಿ ಮತ್ತೆ ತೆರೆದಿದೆ, ಕಾಗದ ತರಿಸುವ ಪ್ರಯತ್ನಕ್ಕೆ ಹಿಂದಿಗಿಂತ ಈಗ ಕಾಲ ಚೆನ್ನಾಗಿದೆ. ಐಕ್ಯೂ ಅನ್ನುವ ಸರಕಾರಿ ಕಾರ್ಯಕ್ರಮದ ಸಲಹಾ ಕೇಂದ್ರಗಳು ಪುಕ್ಕಟೆಯಾಗಿ ಪದವಿ ಮಾನ್ಯತೆಯ ದಾರಿ ಹೇಳಿಕೊಡುತ್ತವೆ. ಫೋನ್ ಮಾಡಿ ಸಮಯ ತಗೊಳ್ಳೋಕೆ ನೀವು ನೆರವಾದರೆ ಅದೇ ದೊಡ್ಡದು. ಅವರಿಗೆ ಮನಸ್ಸಿದ್ದರೆ ಮಾತ್ರ. ನಲವತ್ತು ದಾಟಿದ ಮೇಲೆ ಮತ್ತೆ ಪರೀಕ್ಷೆಗೆ ಕೂರಲ್ಲ ಅಂದರೆ ಅದೂ ಅವರ ತೀರ್ಮಾನ, ಒತ್ತಾಯ ಬೇಡ.

ಹೆಂಡತಿಗೆ ನಿಮ್ಮ ಮನೆಯವರು ಈಗ ಮಾಡುತ್ತಿರೋದೇ ಸರಿ. ಒಂದೇ ಮಾತು, ಇಬ್ಬರೂ ಜರ್ಮನ್‌ನಲ್ಲೇ ಮಾತಾಡಲಿ, ತಪ್ಪು ತಪ್ಪಾಗಿಯೇ ಆಗಲಿ. ಕ್ಲಾಸಿನ ಜರ್ಮನ್‌ಗೂ ಮೆಟ್ಟಿಲ ಮೇಲೆ ನಿಂತು ಮಾತಾಡುವ ಜರ್ಮನ್‌ಗೂ ತುಂಬಾ ವ್ಯತ್ಯಾಸ ಇದೆ, ಅದರಲ್ಲೂ ನಿಮ್ಮ ಕಡೆಯ ಶ್ವೇಬಿಷ್ ಧಾಟಿ ಕ್ಲಾಸಿನಲ್ಲಿ ಯಾರೂ ಕಲಿಸಲ್ಲ.

ಕೊನೆಯದು ತುರ್ತಿನದು. ನಾಲ್ಕನೇ ಕ್ಲಾಸ್ ಅಂದರೆ ಮುಂದಿನ ಶಾಲೆಯ ತೀರ್ಮಾನ. ನಿಮ್ಮ ರಾಜ್ಯದಲ್ಲಿ ಈಗ ಗಿಮ್ನಾಜಿಯಂಗೆ, ಅಂದರೆ ಮುಂದೆ ವಿಶ್ವವಿದ್ಯಾಲಯಕ್ಕೆ ನೇರ ದಾರಿ ಇರುವ ಶಾಲೆಗೆ, ಹೋಗಬೇಕಾದರೆ ಪೋಷಕರ ಇಷ್ಟ, ಟೀಚರ ಶಿಫಾರಸು, ನಾಲ್ಕನೇ ಕ್ಲಾಸಿನ ಕೊಂಪಾಸ್ 4 ಪರೀಕ್ಷೆ, ಈ ಮೂರರಲ್ಲಿ ಎರಡು ಹೊಂದಬೇಕು. ಇಲ್ಲದಿದ್ದರೆ ಇನ್ನೊಂದು ಪರೀಕ್ಷೆ ಬರೆಯಬಹುದು. ನಿಮ್ಮ ಮಗನಿಗಾಗಿ ನೀವು ಇದೆಲ್ಲ ಓದಿಕೊಂಡಿರುತ್ತೀರಿ. ಮೇಲಿನ ಮನೆಯವರಿಗೆ ಆ ಸುತ್ತೋಲೆ ಜರ್ಮನ್‌ನಲ್ಲಿ ಬಂದಿರುತ್ತೆ, ಓದಿ ಹೇಳೋಳು ಮಗಳೇ. ಟೀಚರ ಜೊತೆಗಿನ ಭೇಟಿಗೂ ಅವಳನ್ನೇ ಮಧ್ಯೆ ಕೂರಿಸುತ್ತಾರೆ, ತನ್ನ ಬಗ್ಗೆ ಟೀಚರ್ ಹೇಳಿದ್ದನ್ನು ತಾನೇ ಅಮ್ಮನಿಗೆ ಅರಬ್ಬಿಯಲ್ಲಿ ಹೇಳಬೇಕು. ಮಕ್ಕಳು ಏನು ಮಾಡುತ್ತಾರೆ ಅಂತ ಗೊತ್ತಲ್ಲ, ಬೈಗುಳ ಬಿಟ್ಟು ಹೊಗಳಿಕೆ ಮಾತ್ರ ಹೇಳುತ್ತಾರೆ, ಅಥವಾ ಪಾಪ ಹೆದರಿ ಉಲ್ಟಾ ಮಾಡುತ್ತಾರೆ. ಭೇಟಿಗೆ ಮುಂಚೆ ಶಾಲೆಗೆ ಒಂದು ಇಮೇಲ್ ಬರೆದು ಅರಬ್ಬಿ ದುಭಾಷಿ ಬೇಕು ಅಂತ ಕೇಳೋಕೆ ಹೇಳಿ. ಎಷ್ಟೋ ಊರುಗಳಲ್ಲಿ ಶಾಲೆಗಾಗಿಯೇ ಸ್ವಯಂಸೇವಕ ದುಭಾಷಿಗಳಿದ್ದಾರೆ, ಆದರೆ ಕೇಳದೆ ಯಾರೂ ಕಳಿಸಲ್ಲ. ಆ ಇಮೇಲ್ ಬರೆಯೋಕೆ ನಿಮಗೆ ಐದು ನಿಮಿಷ ಸಾಕು. ಅರ್ಧವರ್ಷದ ಅಂಕಪಟ್ಟಿ ಬರುವ ಮೊದಲೇ ಆ ಭೇಟಿ ಮುಗಿದಿರಬೇಕು, ಹಾಗಾಗಿ ಇದನ್ನು ಈ ವಾರವೇ ಮಾಡಿ.